ಡಿಸ್ಕ್ ಬ್ರೇಕ್ ಕಿಟ್ ತಗೊಳ್ಳೋ ಮುಂಚೆ ಮಾಸ್ಟರ್ ಸಿಲಿಂಡರ್ ನೋಡಿ

ಇಳಿಜಾರಿನ ಮಧ್ಯದಲ್ಲಿ ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟಿತು. ಎರಡು ಮೂರು ಸಲ ಪಂಪ್ ಮಾಡಿದೆ. ಗಾಳಿ ಹೋದ ಟ್ಯೂಬ್ ತುಳಿದ ಹಾಗಿತ್ತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ಹಿಂದಿನ ಡ್ರಮ್ಮಿಗೆ ಹೋಗುತ್ತೆ, ಬ್ರೇಕ್ ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಅವತ್ತು ಉಳಿಸಿದ್ದು ಅದೊಂದೇ. ಕೆಳಗಿಳಿದು ನೋಡಿದರೆ ಮುಂದಿನ ಎರಡೂ ಚಕ್ರದಿಂದ ಹೊಗೆ. ರಿಮ್ಮಿಗೆ ಕೈ ಹತ್ತಿರ ಒಯ್ಯೋಕೂ ಆಗದಷ್ಟು ಕಾವು.

ಡಿಸ್ಕ್ ಬ್ರೇಕ್ ಹಾಕಿಸಿ ಅವತ್ತಿಗೆ ಒಂದು ವಾರ ಆಗಿತ್ತು.

ನನ್ನದು ಹಳೇ ಕಾರು, ನಾಲ್ಕೂ ಚಕ್ರಕ್ಕೆ ಡ್ರಮ್. ಮಳೆಯಲ್ಲಿ ಒಂದು ಸಲ ಎಡಕ್ಕೆ ಎಳೆಯುತ್ತೆ, ಇನ್ನೊಂದು ಸಲ ಬಲಕ್ಕೆ. ಉದ್ದ ಇಳಿಜಾರಿನಲ್ಲಿ ಬಿಸಿಯಾದರೆ ಹಿಡಿತವೇ ಇರಲ್ಲ. ಅದಕ್ಕೇ ಮುಂದಕ್ಕೆ ಡಿಸ್ಕ್ ಕಿಟ್ ತರಿಸಿದೆ. ಡಿಸ್ಕ್, ಅದನ್ನು ಹಿಡಿಯೋ ಪ್ಯಾಡ್, ಪ್ಯಾಡನ್ನು ಒತ್ತೋ ಕ್ಯಾಲಿಪರ್, ಬ್ರ್ಯಾಕೆಟ್, ಹೋಸ್ ಎಲ್ಲ ಒಂದೇ ಡಬ್ಬದಲ್ಲಿ. ಬೋಲ್ಟ್ ಬಿಗಿದರೆ ಆಯ್ತು, ಬೇರೇನೂ ಮುಟ್ಟಬೇಕಾಗಿಲ್ಲ ಅಂತ ಮಾರಿದವರ ಮಾತು. ಈ "ಬೇರೇನೂ ಮುಟ್ಟಬೇಕಾಗಿಲ್ಲ" ಅನ್ನೋದನ್ನು ನಂಬಿದ್ದೇ ನನ್ನ ತಪ್ಪು.

ಎರಡು ದಿನ ಬಿಟ್ಟು ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದರು. ಕಾರು ತಣ್ಣಗಿತ್ತು, ಪೆಡಲ್ ಮತ್ತೆ ಗಟ್ಟಿಯಾಗಿತ್ತು. ಮುಂಭಾಗ ಜ್ಯಾಕ್ ಮೇಲೆ ಎತ್ತಿ, ನನ್ನ ಕೈಲಿ ಒಂದು ಸಲ ಬ್ರೇಕ್ ಒತ್ತಿಸಿ ಬಿಡಿಸಿದರು. ಚಕ್ರ ತಿರುಗಿಸಿದರೆ ಕರಕರ ಅಂತ ಬಿಗಿ. ಪೆಡಲ್‌ನ ರಾಡ್ ಬಿಚ್ಚಿದರು. ಆಗಲೂ ಬಿಗಿ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳೋದು ಮಾಸ್ಟರ್ ಸಿಲಿಂಡರ್. ಅದರಿಂದ ಹೊರಡುವ ಪೈಪಿನ ನಟ್ಟನ್ನು ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಡಿಲಿಸಿದರು. ಪಿಚಕ್ ಅಂತ ಒಂದು ಚೂರು ಆಯಿಲ್ ಹಾರಿತು. ಚಕ್ರ ಹಗುರವಾಗಿ ತಿರುಗಿತು.

"ಡಿಸ್ಕ್‌ದೇನೂ ತಪ್ಪಿಲ್ಲ ಸಾರ್. ನಿಮ್ಮ ಮಾಸ್ಟರ್ ಸಿಲಿಂಡರ್ ಇನ್ನೂ ಡ್ರಮ್ ಅಂತಲೇ ಅಂದ್ಕೊಂಡಿದೆ," ಅಂದರು.

ಸಿಲಿಂಡರ್ ಬಿಚ್ಚಿ ತೋರಿಸಿದರು. ಒಳಗೆ ಸ್ಪ್ರಿಂಗಿನ ತುದಿಯಲ್ಲಿ ಪುಟ್ಟದೊಂದು ವಾಲ್ವ್. ಹೆಸರು ರೆಸಿಡ್ಯುಯಲ್ ವಾಲ್ವ್. ಕಾಲು ತೆಗೆದ ಮೇಲೂ ಇದು ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಬೇಕು. ಇಲ್ಲದಿದ್ದರೆ ಡ್ರಮ್ಮಿನೊಳಗೆ ಶೂ ಅನ್ನೋ ಬ್ರೇಕ್ ಪಟ್ಟಿಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಕಪ್ ಸಡಿಲವಾಗಿ ಗಾಳಿ ಎಳೆದುಕೊಳ್ಳುತ್ತೆ. ಅಷ್ಟು ಒತ್ತಡ ಇದ್ದರೂ ಡ್ರಮ್ಮಿಗೆ ತೊಂದರೆ ಇಲ್ಲ, ಒಳಗಿನ ಗಟ್ಟಿ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದು ಇಟ್ಟಿರುತ್ತವೆ. ಕ್ಯಾಲಿಪರ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ಚೂರು ತಿರುಚಿಕೊಂಡು ವಾಪಸ್ ಬರುತ್ತಲ್ಲ, ಪಿಸ್ಟನ್ ಹಿಂದೆ ಸರಿಯೋದು ಅಷ್ಟರಿಂದಲೇ. ಹಾಗಾಗಿ ನನ್ನ ಪ್ಯಾಡುಗಳು ವಾರವಿಡೀ ಡಿಸ್ಕಿಗೆ ಉಜ್ಜುತ್ತಲೇ ಇದ್ದವು. ಹತ್ತಿರದ ಓಡಾಟದಲ್ಲಿ ಗೊತ್ತಾಗಲಿಲ್ಲ. ದೂರ ಹೋದ ದಿನ ಕಾವು ಏರಿ ಆಯಿಲ್ ಕುದಿಯಿತು. ಒತ್ತಿದರೆ ಗುಳ್ಳೆಗಳು ಅಮುಕಿಕೊಳ್ಳುತ್ತವೆ ಅಷ್ಟೇ, ಅದಕ್ಕೇ ಪೆಡಲ್ ನೆಲ ಮುಟ್ಟಿದ್ದು.

ಆಯಿಲ್ ವಿಷಯದಲ್ಲೂ ನನ್ನದೇ ಸೋಮಾರಿತನ. ಹಳೇ ಆಯಿಲ್ ಪೂರ್ತಿ ತೆಗೆಯದೆ ಮೇಲೆ ಹೊಸದು ಸುರಿದಿದ್ದೆ. ನಾನು ಹಾಕೋ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರಿನ ಪಸೆ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಮೇಲಾಗಿ ನನ್ನದು ಒಂದೇ ಸರ್ಕ್ಯೂಟ್‌ನ ಸಿಲಿಂಡರ್. ಮುಂದೆ ಕುದಿದರೆ ಹಿಂದಿನ ಬ್ರೇಕೂ ಹೋಯಿತು ಅಂತಲೇ ಅರ್ಥ.

"ಹಂಗಾದ್ರೆ ಆ ವಾಲ್ವ್ ಕಿತ್ತು ಬಿಸಾಕಿ ಅಣ್ಣ," ಅಂದೆ. ಅವರು ನಕ್ಕರು. ಹಿಂದೆ ಇನ್ನೂ ಡ್ರಮ್ ಇದೆಯಲ್ಲ, ಅದಕ್ಕೆ ಬೇಡವಾ? ಕೊನೆಗೆ ಎರಡು ಸರ್ಕ್ಯೂಟ್‌ನ ಹೊಸ ಮಾಸ್ಟರ್ ಸಿಲಿಂಡರ್ ಹಾಕಿದೆವು. 10 ಪಿಎಸ್‌ಐ ವಾಲ್ವ್ ಹಿಂದಿನ ಲೈನಿಗೆ ಮಾತ್ರ. ನಿಮ್ಮ ಮಾಸ್ಟರ್ ಸಿಲಿಂಡರ್ ಕಾರಿನ ನೆಲದ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ ಇದ್ದರೆ ಡಿಸ್ಕ್ ಲೈನಿಗೂ 2 ಪಿಎಸ್‌ಐನದ್ದೊಂದು ಬೇಕಾಗುತ್ತೆ. ಇಲ್ಲದಿದ್ದರೆ ಆಯಿಲ್ ಕೆಳಕ್ಕೆ ವಾಪಸ್ ಇಳಿಯುತ್ತೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈಗ ಪೆಡಲ್ ಕಲ್ಲಿನ ಹಾಗೆ. ಡ್ರಮ್ ತಿರುಗುವಾಗ ಮುಂದಿನ ಶೂವನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತೆ. ನಮ್ಮ ಕಾಲಿನ ಕೆಲಸ ಅರ್ಧ ಅದೇ ಮಾಡುತ್ತಿತ್ತು. ಡಿಸ್ಕ್ ಆ ಸಹಾಯ ಮಾಡಲ್ಲ. ಹಾಗಾಗಿ ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಬೂಸ್ಟರ್ ಬಂತು. ಬೂಸ್ಟರ್ ಜೊತೆ ಇನ್ನೊಂದು ತಲೆನೋವು. ಅದರ ಪುಶ್‌ರಾಡ್‌ಗೂ ಮಾಸ್ಟರ್ ಸಿಲಿಂಡರ್ ಪಿಸ್ಟನ್‌ಗೂ ನಡುವೆ ಒಂದು ಸಣ್ಣ ಸಂದು ಇರಲೇಬೇಕು. ರಾಡ್ ಚೂರು ಉದ್ದ ಆದರೂ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ. ಆಯಿಲ್ ವಾಪಸ್ ಹೋಗುವ ತೂತು ಮುಚ್ಚಿಕೊಳ್ಳುತ್ತೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಎಲ್ಲಿಗೆ ಹೋಗಬೇಕು? ಬ್ರೇಕ್ ತಾನಾಗೇ ಹಿಡಿಯುತ್ತಾ ಹೋಗುತ್ತೆ. ಇದನ್ನೂ ರಸ್ತೆಯಲ್ಲೇ ಕಲಿತೆ. ಈ ಸಲ ಪೆಡಲ್ ಕೆಳಗೆ ಹೋಗಲಿಲ್ಲ, ಮೇಲಕ್ಕೆ ಬಂದು ಗಟ್ಟಿಯಾಯಿತು, ಕಾರು ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಸಿಲಿಂಡರ್‌ನ ಎರಡು ನಟ್ ಸಡಿಲಿಸಿದ ತಕ್ಷಣ ಚಕ್ರ ಬಿಟ್ಟಿತು. ಹಾಗೆ ಬಿಟ್ಟರೆ ರಾಡ್ ಉದ್ದ ಅಂತ ತಿಳೀರಿ.

ಮೂರನೆಯದು ಮಳೆಯಲ್ಲಿ. ಜೋರಾಗಿ ಬ್ರೇಕ್ ಒತ್ತಿದೆ, ಹಿಂಭಾಗ ಸುಮ್ನೆ ತಿರುಗಿ ಪಕ್ಕಕ್ಕೆ ಬಂತು. ಬೂಸ್ಟರ್ ಒತ್ತಡ ಹಿಂದಿನ ಡ್ರಮ್ಮಿಗೂ ಅಷ್ಟೇ ಹೋಗುತ್ತಿತ್ತು, ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಿತ್ತು. ಎದುರಿಗೆ ಯಾರೂ ಇರಲಿಲ್ಲ, ಬಚಾವ್. ಹಿಂದಿನ ಲೈನಿಗೆ, ಅಲ್ಲಿಗೆ ಹೋಗೋ ಒತ್ತಡ ತಗ್ಗಿಸೋ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಬಯಲಿನಲ್ಲಿ ಹತ್ತಾರು ಸಲ ಬ್ರೇಕ್ ಒತ್ತಿ, ಮುಂದಿನ ಚಕ್ರ ಮೊದಲು ಲಾಕ್ ಆಗುವ ತನಕ ತಿರುಗಿಸಿದೆವು.

ನಾಚಿಕೆಯಾದರೂ ಒಂದು ಹೇಳಿಬಿಡ್ತೀನಿ. ಮೊದಲ ದಿನ ಎಷ್ಟು ಏರ್ ತೆಗೆದರೂ ಪೆಡಲ್ ಮೆತ್ತಗೇ ಇತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೆ. ಏರ್ ಹೊರಗೆ ಬಿಡೋ ಬ್ಲೀಡ್ ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೆ ಕೂತಿದ್ದರೆ ಕೆಳಗಿನ ತೂತಿನಿಂದ ಹೇಗೆ ಬರುತ್ತೆ, ಅಲ್ವಾ?

1955ರ ಸಿಟ್ರೊಯೆನ್ ಡಿಎಸ್‌ಗೆ ಕಂಪನಿಯಿಂದಲೇ ಮುಂದೆ ಡಿಸ್ಕ್ ಇತ್ತು, ಹಳೇ ಕಾರಿಗೆ ಡಿಸ್ಕ್ ಏನು ಹೊಸದಾ ಅಂತ ನಾನೇ ಜಂಬ ಕೊಚ್ಚಿದ್ದೆ. ಆ ಕಾರಿನ ಹೈಡ್ರಾಲಿಕ್ಸ್ ಪೂರ್ತಿ ಅದಕ್ಕೆಂದೇ ಮಾಡಿದ್ದು ಅನ್ನೋದು ಆಗ ತಲೆಗೆ ಹೋಗಲಿಲ್ಲ.

ಕಿಟ್ ತರಿಸೋ ಮುಂಚೆ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಹಿಂದಿನ ಲೈನಿನ ವಾಲ್ವ್ ಮೂರರ ಬಗ್ಗೆಯೂ ಬರವಣಿಗೆಯಲ್ಲಿ ಕೇಳಿ. ನಿಮ್ಮ ರಿಮ್ ಒಳಗೆ ಕ್ಯಾಲಿಪರ್ ಕೂರುತ್ತಾ ಅಂತಲೂ ಅಳೆದು ನೋಡಿ. ಹಾಕಿದ ಮೇಲೆ ಐದು ಕಿಲೋಮೀಟರ್ ಓಡಿಸಿ, ಜ್ಯಾಕ್ ಎತ್ತಿ, ಚಕ್ರ ಕೈಲಿ ತಿರುಗಿಸಿ. ನಾನು ಇಷ್ಟು ಮಾಡಿದ್ದರೆ ಇಳಿಜಾರಿನವರೆಗೆ ಹೋಗ್ತಾನೇ ಇರಲಿಲ್ಲ.

ಬಿಸಿಗೆ ನೀಲಿಗಟ್ಟಿದ ಡಿಸ್ಕ್‌ನ ಫೋಟೋ ಮಾರಿದವರಿಗೆ ಕಳಿಸಿದ್ದೆ. ಮಾಸ್ಟರ್ ಸಿಲಿಂಡರ್ ಕಿಟ್‌ನಲ್ಲಿ ಇದೆ ಅಂತ ನಾವು ಎಲ್ಲೂ ಹೇಳಿಲ್ಲವಲ್ಲ ಅಂತ ಉತ್ತರ ಬಂತು. ಡಬ್ಬ ಹುಡುಕಿ ನೋಡಿದೆ. ನಿಜ, ಎಲ್ಲೂ ಬರೆದಿರಲಿಲ್ಲ.