ದುಡ್ಡು ಕೊಟ್ಟ ಕೋರ್ಸು, ಬಿಟ್ಟಿ ಸಿಕ್ಕ ಕೋರ್ಸು

ಮಂಗಳೂರಿನ ಕದ್ರಿ ಹತ್ತಿರದ ಒಂದು ಪೆಟ್ ಕ್ಲಿನಿಕ್‌ನಲ್ಲಿ ನಾನು ಸಹಾಯಕಿ. ನಾಯಿ ಹಿಡಿಯುವುದು, ಸಲೈನ್ ನೋಡಿಕೊಳ್ಳುವುದು, ಟೇಬಲ್ ಒರೆಸುವುದು ಎಲ್ಲ ನನ್ನ ಪಾಲಿಗೆ. ಕಲಿತದ್ದು ಡಾಕ್ಟ್ರ ಕೈ ನೋಡಿಯೇ. ಕಳೆದ ಮಳೆಗಾಲದಲ್ಲಿ ಮೂರು ಆನ್‌ಲೈನ್ ಕೋರ್ಸ್ ಮಾಡಿದೆ. ಎರಡು ಬಿಟ್ಟಿ, ಒಂದಕ್ಕೆ ದುಡ್ಡು. ದುಡ್ಡು ಕೊಟ್ಟದ್ದೇ ದಂಡ.

ಅದರ ಕಥೆ ಮೊದಲು ಮುಗಿಸುತ್ತೇನೆ. ಎರಡು ವಾರಾಂತ್ಯದ ಜೂಮ್ ಕ್ಲಾಸ್. ಸ್ಲೈಡ್ ಓದುತ್ತಾ ಹೋದರು. ಏನಾದರೂ ಕೇಳಿದರೆ ‘ಪಿಡಿಎಫ್‌ನಲ್ಲಿ ಉಂಟು ಮೇಡಂ’. ಕೊನೆಗೆ ‘ವೆಟರ್ನರಿ ನರ್ಸ್’ ಎಂದು ಬರೆದ ಸರ್ಟಿಫಿಕೇಟ್ ಬಂತು. ಹೆಸರು ಬೇಡ ಬಿಡಿ. ಆದರೆ ಇದು ಗೊತ್ತಿರಲಿ: 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ. ಸಣ್ಣಪುಟ್ಟ ಸೇವೆಗೆ ಬೇರೆಯವರಿಗೆ ಅವಕಾಶ ಇದ್ದರೂ ಅದಕ್ಕೆ ಸರ್ಕಾರದ ಆದೇಶ ಬೇಕು, ವೈದ್ಯರ ಉಸ್ತುವಾರಿ ಬೇಕು. ನಾಲ್ಕು ದಿನದ ಸರ್ಟಿಫಿಕೇಟ್ ಗೋಡೆಗೆ ಮಾತ್ರ.

ಎರಡನೆಯದು ಕೋರ್ಸೆರಾ ಎನ್ನುವ ಆನ್‌ಲೈನ್ ಪಾಠದ ಜಾಲತಾಣದಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಣಿಗಳ ವರ್ತನೆ ಮತ್ತು ಕ್ಷೇಮದ ಕೋರ್ಸ್. ಐದು ವಾರದ ಪಾಠ. ನಾನು ಸೇರಿದಾಗ ವಿಡಿಯೊ ನೋಡಲು ಕಾಸಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಕಟ್ಟಬೇಕಿತ್ತು. ಶುರುವಿನ ಭಾಗ ಸ್ವಲ್ಪ ಬೋರು, ನಿಜ ಹೇಳ್ತೇನೆ. ನಾಯಿ-ಬೆಕ್ಕಿನ ಪಾಠಕ್ಕೆ ಬಂದ ಮೇಲೆ ಮೊಬೈಲ್ ಕೆಳಗಿಡಲಿಲ್ಲ.

ಮರುವಾರವೇ ಒಂದು ಲ್ಯಾಬ್ರಡಾರ್ ಬಂತು, ಕಿವಿ ತುಂಬಾ ಉಣುಗು. ‘ಬಾಲ ಆಡಿಸ್ತಾ ಉಂಟಲ್ಲ ಮಾರಾಯ್ರೆ, ಏನೂ ಮಾಡುವುದಿಲ್ಲ’ ಎಂದರು ಮನೆಯವರು. ಬಾಲ ಆಡುತ್ತಿತ್ತು, ಸರಿ. ಆದರೆ ಮುಖ ಅತ್ತ ತಿರುಗಿಸಿ ಕಣ್ಣು ಮಾತ್ರ ಇತ್ತ ಹೊರಳಿಸಿತ್ತು, ಬಿಳಿ ಭಾಗ ಕಾಣುವ ಹಾಗೆ. ಒಂದೇ ಸಮ ತುಟಿ ನೆಕ್ಕುತ್ತಿತ್ತು. ಹೆದರಿದ ನಾಯಿಯ ಲಕ್ಷಣ ಇವು. ಮೊದಲಾದರೆ ನೇರ ಕಿವಿಗೇ ಕೈ ಹಾಕುತ್ತಿದ್ದೆ. ಈ ಸಲ ಬ್ಯಾಂಡೇಜ್ ಬಟ್ಟೆಯಲ್ಲಿ ಬಾಯಿ ಕಟ್ಟಿದೆ. ಅವರಿಗೆ ಬೇಸರವಾಯಿತು. ಕಿವಿ ಮುಟ್ಟಿದ್ದೇ ತಡ, ‘ಗುರ್’ ಎಂದು ತಲೆ ಎಗರಿಸಿತು. ಆಮೇಲೆ ಯಾರೂ ಮಾತಾಡಲಿಲ್ಲ.

ಮೂರನೆಯದು ರೇಬೀಸ್ ತಡೆಯುವ ಜಾಗತಿಕ ಸಂಸ್ಥೆ ಗಾರ್ಕ್‌ನ ಬಿಟ್ಟಿ ಕೋರ್ಸ್: ಪ್ರಾಣಿಗಳನ್ನು ಹಿಡಿಯುವ, ಲಸಿಕೆ ಹಾಕುವ ಬಗೆ. ಓದುವುದು ಜಾಸ್ತಿ, ಪರೀಕ್ಷೆ ಆನ್‌ಲೈನ್‌ನಲ್ಲೇ. ಚಂದ ಏನಿಲ್ಲ, ಆದರೆ ನಮ್ಮ ಕೆಲಸಕ್ಕೆ ಹತ್ತಿರ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು ಎಂದು ಡಾಕ್ಟ್ರು ಹೇಳುತ್ತಲೇ ಇದ್ದರು. ಜುಲೈಯಲ್ಲಿ ಗಾಳಿ-ಮಳೆಗೆ ಕರೆಂಟ್ ಹೋದರೆ ನಮ್ಮ ಫ್ರಿಜ್ ಕಥೆ ಏನು ಎಂದು ನನಗೆ ಹೊಳೆದದ್ದು ಮಾತ್ರ ಇದನ್ನು ಓದಿದ ಮೇಲೆ. ಈಗ ಒಳಗೊಂದು ಥರ್ಮಾಮೀಟರ್ ಉಂಟು, ಫ್ರೀಜರ್‌ನಲ್ಲಿ ಐಸ್ ಪ್ಯಾಕ್ ಉಂಟು. ಕಚ್ಚಿಸಿಕೊಂಡರೆ ಸುಮ್ನೆ ಡೆಟಾಲ್ ಹಚ್ಚಿ ಮುಗಿಸುವುದಿಲ್ಲ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ.

ಸಮಯ ಕಡಿಮೆ ಇದ್ದವರು ಗಾರ್ಕ್ ಮಾಡಿ. ಬಿಡುವಿದ್ದರೆ ಎಡಿನ್‌ಬರ್ಗ್ ಕೂಡ. ನಾನು ಮಾಡಿದ ಮೂರೂ ಇಂಗ್ಲಿಷ್‌ನಲ್ಲೇ. ನಾನಂತೂ ಸಬ್‌ಟೈಟಲ್ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೂಜಿ ಹಾಕುವಾಗ ಮುಂಗಾಲಿನ ರಕ್ತನಾಳ ಎದ್ದು ಕಾಣಲು ಹೆಬ್ಬೆರಳನ್ನು ಎಲ್ಲಿ ಒತ್ತಿ ಎಷ್ಟು ತಿರುಗಿಸಬೇಕು ಎನ್ನುವುದು ಮೂರರಿಂದಲೂ ನನ್ನ ಕೈಗೆ ಬರಲಿಲ್ಲ. ಅದಕ್ಕೆ ಡಾಕ್ಟ್ರೇ ನನ್ನ ಬೆರಳ ಮೇಲೆ ಬೆರಳಿಟ್ಟು ಒತ್ತಿ ತೋರಿಸಬೇಕಾಯಿತು.