ಮಳೆಗಾಲದಲ್ಲಿ ಮೋಟಾರ್ ಮಂಚ ರಿಪೇರಿ ಮಾಡಿಸಿದವರು ಒಮ್ಮೆ ಅದರ ಕೆಳಗೆ ನೋಡಿ

ತಲೆಭಾಗ, ಕಾಲುಭಾಗ ಮೋಟಾರಿನಿಂದ ಏರಿಳಿಯುವ ಮಂಚ ನಿಮ್ಮ ಮನೆಯಲ್ಲಿದ್ದು, ಕೈ ಅಡ್ಡ ಬಂದರೆ ತಾನೇ ನಿಲ್ಲುವ ಸೆನ್ಸರ್ ಇದೆಯೆಂದು ಹೇಳಿ ಅದನ್ನು ಮಾರಿದ್ದರೆ, ಕಂಪನಿಯ ಕಡೆಯವರು ಯಾವಾಗಲಾದರೂ ಬಂದು ರಿಪೇರಿ ಮಾಡಿ ಹೋಗಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಗೆ ಬಂದ ಸರ್ವಿಸ್ ಹುಡುಗ ಆ ಸೆನ್ಸರಿನ ವಯರನ್ನೇ ಕಿತ್ತು, ತುದಿಗೆ ಕಪ್ಪು ಟೇಪು ಸುತ್ತಿ, ನಮಗೆ ಒಂದು ಮಾತೂ ತಿಳಿಸದೆ ಹೋಗಿದ್ದ. ಅಪ್ಪಯ್ಯನ ಎಡಗೈಯ ಎರಡು ಬೆರಳು ಜಜ್ಜಿಹೋದ ಮೇಲೆಯೇ ಅದು ನಮಗೆ ಗೊತ್ತಾದದ್ದು.

ಪಾರ್ಶ್ವವಾಯು ಆದಂದಿನಿಂದ ಅಪ್ಪಯ್ಯನ ಎಡಗೈಗೆ ಸ್ಪರ್ಶಜ್ಞಾನವಿಲ್ಲ. ಆ ಕೈ ಹಾಸಿಗೆಯಿಂದ ಜಾರಿ ಕೆಳಗೆ ತೂಗುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ, ಎಲ್ಲಿಯಾದರೂ ಸಿಕ್ಕಿಕೊಂಡರೆ ಕೂಗುವುದೂ ಇಲ್ಲ. ಶಿವಮೊಗ್ಗದ ಅಂಗಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿಯೇ ನಾವು ಮಂಚ ಕೇಳಿದ್ದು. ಕಡಿಮೆ ಬೆಲೆಯ ಮಂಚಗಳೂ ಅಲ್ಲಿದ್ದವು. ಅವುಗಳಲ್ಲಿ ಮೋಟಾರಿಗೆ ತಡೆ ಬಂದು ಕರೆಂಟು ಏರಿದಾಗ ಮಾತ್ರ ಚಲನೆ ನಿಲ್ಲುತ್ತದೆ, ಅಂದರೆ ಕೈ ಒತ್ತಿಹೋದ ಮೇಲೆ. ನಿಮಗೆ ಮುಟ್ಟುವ ಮೊದಲೇ ಕೈಯನ್ನು ಗುರುತಿಸುವ ಕೆಪ್ಯಾಸಿಟಿವ್ ಸೆನ್ಸರ್ ಇರುವುದೇ ಬೇಕು ಎಂದು ಹೇಳಿ, ಹೆಚ್ಚು ಹಣಕ್ಕೆ ಇದನ್ನು ತೋರಿಸಿದವರು ಅವರೇ. ಸೇಲ್ಸ್‌ಮನ್ ತನ್ನ ಅಂಗೈಯನ್ನು ಚೌಕಟ್ಟಿನ ಕೆಳಗೆ ಹಿಡಿದ. ಇಳಿಯುತ್ತಿದ್ದ ತಲೆಭಾಗ ಅವನ ಕೈಗೆ ತಾಗುವ ಮೊದಲೇ, ನಾಲ್ಕು ಬೆರಳಗಲದಷ್ಟು ದೂರದಲ್ಲಿ ನಿಂತು, ಸ್ವಲ್ಪ ಮೇಲಕ್ಕೂ ಹೋಯಿತು. ನಾವು ದುಡ್ಡು ಕೊಟ್ಟದ್ದು ಅದೊಂದು ಗುಣಕ್ಕಾಗಿ.

ಆ ವ್ಯವಸ್ಥೆ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಚೌಕಟ್ಟಿನ ಅಂಚಿನುದ್ದಕ್ಕೂ ಅಂಟಿಸಿದ ತಾಮ್ರದ ಪಟ್ಟಿ ತನ್ನ ಸುತ್ತ ಸಣ್ಣದೊಂದು ವಿದ್ಯುತ್ ಕ್ಷೇತ್ರವನ್ನು ಹರಡಿರುತ್ತದೆ. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ಉಪ್ಪು ಬೆರೆತ ನೀರೇ ಆದುದರಿಂದ ಕೈ ಹತ್ತಿರ ಬಂದೊಡನೆ ಆ ಪಟ್ಟಿಯ ಧಾರಕತೆ, ಅಂದರೆ ವಿದ್ಯುದಂಶ ಹಿಡಿದಿಡುವ ಶಕ್ತಿ, ಬದಲಾಗುತ್ತದೆ, ಮುಟ್ಟುವ ಮೊದಲೇ ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಅದು ತಿಳಿಯುತ್ತದೆ. ಮೊಬೈಲಿನ ಪರದೆ ಬೆರಳನ್ನು ಗುರುತಿಸುವುದೂ ಇದೇ ತತ್ವದಿಂದ. ಒಣಮರ, ಪ್ಲಾಸ್ಟಿಕ್, ಫೋಮ್ ಹತ್ತಿರ ಬಂದರೆ ಅದು ಅಷ್ಟಾಗಿ ಲೆಕ್ಕಿಸುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಪುನರ್ವಸು ಮಳೆ ಹಿಡಿದ ಮೇಲೆ ಮಂಚ ಕಾರಣವಿಲ್ಲದೆ ಮಧ್ಯದಲ್ಲಿ ನಿಲ್ಲತೊಡಗಿತು. ತೇವ ಪಟ್ಟಿಯ ಮೇಲೆ ಕೂತರೆ ಸೆನ್ಸರಿಗೆ ಯಾರೋ ಹತ್ತಿರವಿದ್ದಾರೆ ಎನ್ನಿಸುತ್ತದೆಯಂತೆ. ವಾರಂಟಿ ಇತ್ತು, ದೂರು ಕೊಟ್ಟೆವು. ಹುಡುಗ ಬಂದ, ಮಂಚದ ಕೆಳಗೆ ಮಲಗಿ ಸ್ವಲ್ಪ ಹೊತ್ತು ಏನೋ ಮಾಡಿದ, ‘ಸರಿ ಆಯ್ತು ಸರ್, ಇನ್ನು ತೊಂದ್ರೆ ಬರಲ್ಲ’ ಎಂದ, ‘ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ಮಂಚ ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ.

ಒಂದು ಸಂಜೆ ಗಂಜಿ ಕುಡಿಸಿದ ಮೇಲೆ ಅತ್ತಿಗೆ ರಿಮೋಟ್ ಒತ್ತಿ ತಲೆಭಾಗ ಇಳಿಸಿದರು. ಅಪ್ಪಯ್ಯ ತೋಟಕ್ಕೆ ಎರಡನೆಯ ಸಲ ಬೋರ್ಡೋ ಔಷಧಿ ಹೊಡೆಸುವ ವಿಷಯ ಮಾತಾಡುತ್ತಿದ್ದರು. ಅವರ ಬೆರಳು ಚೌಕಟ್ಟುಗಳ ಸಂದಿಯಲ್ಲಿ ಸಿಕ್ಕಿ ಜಜ್ಜುತ್ತಿದ್ದಾಗಲೂ ಮಾತು ನಿಲ್ಲಲಿಲ್ಲ, ಮುಖದಲ್ಲಿ ಏನೂ ಕಾಣಲಿಲ್ಲ. ಹೊದಿಕೆಯ ಅಂಚು ಕೆಂಪಾದದ್ದನ್ನು ನೋಡಿ ಅತ್ತಿಗೆ ಚೀರಿದರು. ಒಂದು ಉಗುರು ಪೂರ್ತಿ ಕಿತ್ತು ಬಂದಿತ್ತು.

ದೂರಿನ ಮೇಲೆ ದೂರು ಕೊಟ್ಟ ಬಳಿಕ ಈ ಸಲ ಹುಡುಗನ ಜೊತೆ ಅವನ ಮೇಲಿನವರೊಬ್ಬರು ಬಂದರು. ಅಪ್ಪಯ್ಯನನ್ನು ಕುರ್ಚಿಗೆ ಕೂರಿಸಿ, ಚೀಲದಿಂದ ಪ್ಲೈವುಡ್ಡಿನ ತುಂಡೊಂದನ್ನು ತೆಗೆದು ಸಂದಿಗೆ ಇಟ್ಟು ರಿಮೋಟ್ ಒತ್ತಿದರು. ‘ಕಟ್’ ಎಂದು ಸದ್ದಾಗಿ ಮಂಚ ನಿಂತಿತು. ‘ನೋಡಿ ಸರ್, ಸೆನ್ಸರ್ ಚೆನ್ನಾಗೇ ಇದೆ. ನಿಮ್ಮವರು ಗಮನ ಕೊಟ್ಟಿಲ್ಲ’ ಎಂದರು. ಅತ್ತಿಗೆ ತಲೆ ತಗ್ಗಿಸಿದರು. ಆ ಕ್ಷಣವನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಗಾಯ ಮಾಡಿದ್ದು ಅವರ ಕೆಲಸ, ತಲೆ ತಗ್ಗಿಸಿದ್ದು ನಮ್ಮ ಮನೆಯ ಹೆಣ್ಣುಮಗಳು.

ಪಕ್ಕದ ಮನೆಯ ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾನೆ. ಅವನು ಆ ಪ್ಲೈವುಡ್ ಕೈಗೆತ್ತಿಕೊಂಡು ಅಂಚಿನಲ್ಲಿ ಬಿದ್ದ ತಗ್ಗನ್ನು ತೋರಿಸಿ, ಒಣಮರಕ್ಕೆ ಈ ಸೆನ್ಸರ್ ಹೇಗೆ ನಿಂತಿತು ಸರ್, ತಗ್ಗು ಬೀಳುವಷ್ಟು ಒತ್ತಿದ ಮೇಲೆ ಯಾಕೆ ನಿಂತಿತು ಎಂದು ಕೇಳಿದ. ಉತ್ತರ ಬರಲಿಲ್ಲ. ಟಾರ್ಚ್ ಹಿಡಿದು ಕೆಳಗೆ ತೂರಿದವನು ನನ್ನನ್ನೂ ಕರೆದ. ಬೋರ್ಡಿನ ಬಿಳಿ ಸಾಕೆಟ್ ಖಾಲಿ ಇತ್ತು. ಪಟ್ಟಿಯಿಂದ ಬಂದ ವಯರು ಕಪ್ಪು ಟೇಪು ಸುತ್ತಿಸಿಕೊಂಡು ಚೌಕಟ್ಟಿಗೆ ಕಟ್ಟಿಹಾಕಲ್ಪಟ್ಟಿತ್ತು. ಮಂಚವನ್ನು ನಿಲ್ಲಿಸಿದ್ದು ಮೋಟಾರಿನ ಕರೆಂಟು ಏರಿಕೆ ಮಾತ್ರ. ಗಟ್ಟಿಮರ ಅಡ್ಡ ನಿಂತರೆ ಕರೆಂಟು ಥಟ್ಟನೆ ಏರುತ್ತದೆ. ಮನುಷ್ಯ ಮಲಗಿ ಇಳಿಯುವಾಗ ಅವನ ಭಾರವೇ ಮೋಟಾರಿಗೆ ನೆರವಾಗುವುದರಿಂದ ಮೆತ್ತನೆಯ ಬೆರಳು ಜಜ್ಜಿದರೂ ಕರೆಂಟು ಅಷ್ಟು ಏರುವುದಿಲ್ಲ. ಯಾವುದಕ್ಕೆ ಹೆಚ್ಚು ಹಣ ಕೊಟ್ಟಿದ್ದೆವೋ ಅದನ್ನೇ ಕಿತ್ತು, ಕಡಿಮೆ ಬೆಲೆಯ ಮಂಚವನ್ನಾಗಿ ಮಾಡಿ ಹೋಗಿದ್ದರು.

ಟೇಪು ತೋರಿಸಿದಾಗ ಮೇಲಿನವರು ಹೇಳಿದ ಮಾತು ಹೀಗಿತ್ತು: ‘ನಿಲ್ಲುತ್ತೆ ನಿಲ್ಲುತ್ತೆ ಅಂತ ಕಂಪ್ಲೇಂಟ್ ಕೊಟ್ಟವರು ನೀವೇ ತಾನೆ ಸರ್? ಈಗ ನಿಲ್ತಿಲ್ಲವಲ್ಲ.’ ಇದನ್ನು ನನ್ನ ಮನೆಯಲ್ಲಿ, ಬೆರಳಿಗೆ ಬ್ಯಾಂಡೇಜು ಹಾಕಿಕೊಂಡು ಕೂತಿದ್ದ ಅಪ್ಪಯ್ಯನ ಎದುರು ಹೇಳಿದರು. ಅಂಗಡಿಯವರು ನಾವು ಬರೀ ಡೀಲರ್ ಎಂದರು. ಕಂಪನಿಯ ಕಚೇರಿಯವರು ಫೋನಿನಲ್ಲಿ, ನಿಮ್ಮ ಕಡೆ ತೇವ ಜಾಸ್ತಿ, ಇದು ಎಸಿ ಕೋಣೆಗೆ ಮಾಡಿದ ಮಾಲು ಎಂದರು. ಶಿವಮೊಗ್ಗದಲ್ಲಿ ಅಂಗಡಿ ತೆರೆದು ಮಲೆನಾಡಿಗೇ ಮಾರುವವರಿಗೆ ಇಲ್ಲಿಯ ಮಳೆ ಗೊತ್ತಿರಲಿಲ್ಲವೇ? ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ತೇವ ನಿಧಾನವಾಗಿ ಏರುತ್ತದೆ, ಕೈ ಥಟ್ಟನೆ ಬರುತ್ತದೆ. ಈ ವ್ಯತ್ಯಾಸ ಹಿಡಿದು ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುವ ಬೋರ್ಡುಗಳಿವೆ, ಕೈ ತಲುಪದ ಜಾಗದಲ್ಲಿ ಇನ್ನೊಂದು ಪಟ್ಟಿ ಇಟ್ಟು ಹವೆಯ ತೇವದ ಪರಿಣಾಮವನ್ನು ಲೆಕ್ಕದಿಂದ ಕಳೆಯುವ ಕ್ರಮವಿದೆ. ಅದನ್ನು ಮಾಡುವವರೆಗೆ ಮಂಚ ನಿಲ್ಲುತ್ತಲೇ ಇದ್ದರೂ ನಾವು ಸಹಿಸುತ್ತಿದ್ದೆವು. ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು, ಸೆನ್ಸರಿನ ವಯರು ಕಿತ್ತರೂ ಆ ಮಂಚ ಏನೂ ಆಗದಂತೆ ಏರಿಳಿಯಿತು ಎಂಬುದು. ವಯರು ಹೋದರೆ ಬೋರ್ಡಿಗೆ ತಿಳಿಯಬೇಕು, ಮಂಚ ಅಲುಗಾಡಲೇಬಾರದು. ಅಷ್ಟೂ ಮಾಡದವರು ಸುರಕ್ಷೆಯ ಹೆಸರಿನಲ್ಲಿ ಹಣ ತೆಗೆದುಕೊಳ್ಳಬಾರದು.

ಮರದ ತುಂಡಿನ ಪರೀಕ್ಷೆಯನ್ನು ನಂಬಬೇಡಿ. ಮಂಚ ಖಾಲಿ ಮಾಡಿ, ಉದ್ದನೆಯ ಮುಳ್ಳುಸೌತೆಯ ಒಂದು ತುದಿಯನ್ನು ಬರಿಗೈಯಲ್ಲಿ ಹಿಡಿದು, ಕೈಯನ್ನು ಹೊರಗೇ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಲ್ಲ ಸಂದಿಗಳ ಹತ್ತಿರಕ್ಕೂ ತನ್ನಿ. ಒತ್ತುವ ಮೊದಲೇ ನಿಲ್ಲಬೇಕು, ಸಿಪ್ಪೆಗೆ ಗಾಯವಾದರೆ ಆ ಮಂಚದಲ್ಲಿ ಯಾರನ್ನೂ ಮಲಗಿಸಬೇಡಿ. ಸರ್ವಿಸಿನವರು ಏನು ಬಿಚ್ಚಿದರು, ಏನು ಹಾಕಿದರು ಎಂಬುದು ಕಾಗದದಲ್ಲಿ ಬರುವವರೆಗೆ ಸಹಿ ಹಾಕಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಉತ್ಪನ್ನದ ದೋಷದಿಂದಾದ ಗಾಯಕ್ಕೆ ತಯಾರಕರು, ಮಾರಿದವರು, ಸರ್ವಿಸ್ ಮಾಡಿದವರು ಮೂವರನ್ನೂ ಹೊಣೆ ಮಾಡಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಸಹಾಯವಾಣಿ 1915.

ಕಂಪನಿಯವರು ಈಗ ಹೊಸ ಬೋರ್ಡನ್ನು ಉಚಿತವಾಗಿ ಹಾಕಿಕೊಡುತ್ತೇವೆ, ಯಾವ ದೂರೂ ಇಲ್ಲವೆಂದು ಬರೆದುಕೊಡಿ ಎನ್ನುತ್ತಿದ್ದಾರೆ. ನಾವು ಬರೆದುಕೊಟ್ಟಿಲ್ಲ. ಆ ಟೇಪು ಸುತ್ತಿದ ವಯರನ್ನು ಯಾರಿಗೂ ಮುಟ್ಟಗೊಡದೆ, ಫೋಟೋ, ವಿಡಿಯೋ ತೆಗೆದಿಟ್ಟು, ವಕೀಲರ ನೋಟಿಸು ಕಳಿಸಿದ್ದೇವೆ. ಇದೇ ಹುಡುಗರು ಸಾಗರ, ಹೊಸನಗರ, ಕೊಪ್ಪದ ಕಡೆಯ ಮನೆಗಳಿಗೂ ಹೋಗಿದ್ದಾರೆಂದು ಅವರ ಬಾಯಿಂದಲೇ ಕೇಳಿದ್ದೇನೆ. ಅಲ್ಲಿಯವರು ಇಂದೇ ಟಾರ್ಚ್ ಹಿಡಿದು ಮಂಚದ ಕೆಳಗೆ ನೋಡಿ, ಕಪ್ಪು ಟೇಪು ಕಂಡರೆ ಮೊದಲು ಪ್ಲಗ್ ತೆಗೆಯಿರಿ.