ಹಳೇ ಸಫಾರಿಗೆ ಎತ್ತರದ ಹಿಂದಿನ ಸ್ಪ್ರಿಂಗ್: ಎರಡು ಮಳೆಗಾಲ ಓಡಿಸಿದ ಮೇಲೆ

ಈ ಸ್ಪ್ರಿಂಗ್ ಮಾರುವವರು ಹೇಳುವುದೆಲ್ಲ ಎತ್ತರದ ವಿಷಯ. ಗಾಡಿ ಗತ್ತಾಗಿ ಕಾಣುತ್ತದೆ, ಅಡಿ ತಾಗುವುದಿಲ್ಲ, ದೊಡ್ಡ ಟಯರ್ ಹಾಕಬಹುದು ಅಂತ. ಎರಡು ಮಳೆಗಾಲ ಓಡಿಸಿದ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದ್ಯಾವುದೂ ಅಲ್ಲ. ಹೆಡ್‌ಲೈಟ್!

ಗಾಡಿ 2009ರ ಟಾಟಾ ಸಫಾರಿ, 2.2 ಲೀಟರ್ ಡೈಕಾರ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್. ಉಳಿದದ್ದು ನಿಮಗೆ ಗೊತ್ತೇ ಇರುತ್ತದೆ. ಇಲ್ಲಿಗೆ ಬೇಕಾದದ್ದು ಇಷ್ಟೇ: ಮುಂದೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ (ಟಾರ್ಷನ್ ಬಾರ್), ಹಿಂದೆ ಚಕ್ರದ ಅಚ್ಚನ್ನು (ಆಕ್ಸಲ್) ಹಿಡಿಯುವ ಐದು ಸರಳು (ಲಿಂಕ್) ಮತ್ತು ಸುರುಳಿಯ ಕಾಯಿಲ್ ಸ್ಪ್ರಿಂಗ್. ಮುಂದೆ ಏರಿಸಲು ಬೋಲ್ಟ್ ತಿರುಗಿಸಿದರೆ ಸಾಕು. ಹಿಂದೆ ಏರಿಸಬೇಕಾದರೆ ಸ್ಪ್ರಿಂಗನ್ನೇ ಬಿಚ್ಚಬೇಕು. ಅದರ ಮೇಲೆ ಸ್ಟೆಪ್ನಿ ಬೇರೆ ಹಿಂಬಾಗಿಲಲ್ಲೇ ನೇತಾಡುತ್ತದೆ. ಇಷ್ಟು ವರ್ಷ ಆ ಭಾರ, ಜೊತೆಗೆ ತೋಟದ ಭಾರ ಹೊತ್ತು ಹಳೇ ಸ್ಪ್ರಿಂಗ್ ಕೂತುಬಿಟ್ಟಿತ್ತು.

ನಮ್ಮದು ಕೊಡಗಿನ ಮಾದಾಪುರದಿಂದ ಒಳಗೆ ಒಂದು ಸಣ್ಣ ಕಾಫಿ ತೋಟ. ಗಾಡಿ ನಮಗೆ ಶೋಕಿಗಲ್ಲ. ಮೇ ಕೊನೆಗೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತು, ಸುಣ್ಣ ಬರಬೇಕು. ಮಳೆ ಬಿಟ್ಟ ಮೇಲೆ ಗೊಬ್ಬರ. ಕೊಯ್ಲು ಮುಗಿಯುತ್ತಾ ಬಂದ ಹಾಗೆ, ಪಿಕಪ್ ಸಿಗದ ದಿನ, ಹಿಂದಿನ ಸೀಟು ಮಡಚಿ ಕಾಫಿ ಮೂಟೆ ಪೇರಿಸಿ ಸುಂಟಿಕೊಪ್ಪ ಮೇಲೆ ಕುಶಾಲನಗರಕ್ಕೆ. 50 ಕೆ.ಜಿ.ಯ ಎಂಟು ಮೂಟೆ ಹಾಕಿದರೆ ಹಿಂದೆ ನಾಲ್ಕು ಕ್ವಿಂಟಾಲ್. ಆಗ ಗಾಡಿಯ ಮೂತಿ ಮೇಲಕ್ಕೆ, ಬಂಪರ್ ನೆಲಕ್ಕೆ.

ಆ ಸ್ಥಿತಿಯಲ್ಲಿ ಬೆಳಗ್ಗೆ ಐದಕ್ಕೆ ಹೊರಟರೆ ಏನಾಗುತ್ತಿತ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಮ್‌ನಲ್ಲಿಟ್ಟರೂ ಬೆಳಕು ರಸ್ತೆಗೆ ಬೀಳುತ್ತಿರಲಿಲ್ಲ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಒಂದೊಂದು ಎಲೆಯೂ ಚೆನ್ನಾಗಿ ಕಾಣುತ್ತಿತ್ತು. ರಸ್ತೆಯಂಚಿನ ಚರಂಡಿ ಮಾತ್ರ ಕಾಣುತ್ತಿರಲಿಲ್ಲ. ಮಂಜು ಇದ್ದರಂತೂ ಮುಗಿಯಿತು. ಮೇಲಕ್ಕೆ ಹೋದ ಬೆಳಕು ಮಂಜಿಗೆ ತಾಗಿ ವಾಪಸ್ ನಮ್ಮ ಕಣ್ಣಿಗೇ. ಎದುರಿಂದ ಬರುವವರು ಲೈಟ್ ಹೊಡೆದು ಬೈಯುತ್ತಿದ್ದರು. ನಾನು ತಲೆ ಹೊರಗೆ ಹಾಕಿ ಬಿಳಿ ಪಟ್ಟಿ ಹುಡುಕಿಕೊಂಡು ಸೆಕೆಂಡ್ ಗೇರಿನಲ್ಲಿ ಹೋಗುತ್ತಿದ್ದೆ.

ಇದಕ್ಕೆ ದೊಡ್ಡ ವಿಜ್ಞಾನ ಬೇಡ. ಸಫಾರಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ (ವೀಲ್‌ಬೇಸ್) 2650 ಮಿ.ಮೀ. ಹಿಂದೆ 3 ಇಂಚು ಕುಸಿದರೆ, 25 ಮೀಟರ್ ಮುಂದೆ ಬೆಳಕು ಹೆಚ್ಚುಕಡಿಮೆ 70 ಸೆಂ.ಮೀ. ಮೇಲೇರುತ್ತದೆ. ಎದುರಿನ ಆಲ್ಟೋದವನ ಕಣ್ಣಿಗೆ ಹೊಡೆಯಲು ಅಷ್ಟು ಸಾಕಲ್ವಾ?

ಈಗ ಹೊಸ ಸ್ಪ್ರಿಂಗ್ ಮೇಲೆ ಅದೇ ಎಂಟು ಮೂಟೆ ಹಾಕಿದರೆ ಗಾಡಿ ನೆಲಕ್ಕೆ ಸಮವಾಗಿ ನಿಲ್ಲುತ್ತದೆ. ಹೊರಡುವ ಮುಂಚೆ ಗೇಟಿನ ಕಂಬಕ್ಕೆ ಲೈಟ್ ಬಿಟ್ಟು ನೋಡುವುದು ನನಗೊಂದು ಚಟವಾಗಿದೆ. ಕಂಬಕ್ಕೆ ಬಳಿದ ಸುಣ್ಣದ ಗೆರೆಯ ಕೆಳಗೇ ಬೆಳಕು ಕಡಿದುಹೋಗಿರಬೇಕು. ಹಾಗಿದ್ದರೆ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ, ಆಮೇಲೆ ಗೇರು. ಹಟ್ಟಿಹೊಳೆ ಕಡೆ ಮಂಜು ಎಷ್ಟೇ ದಟ್ಟವಾಗಿರಲಿ, ಬೆಳಕು ಅದರ ಅಡಿಯಲ್ಲಿ ನುಸುಳಿ ಡಾಂಬರಿನ ಮೇಲೆ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಈ ಕಡೆಯ ರಸ್ತೆಗಳ ಅಂಚನ್ನು ಯಾರೂ ಕಣ್ಣುಮುಚ್ಚಿ ನಂಬುವುದಿಲ್ಲ. ಅಂಚು ಕಂಡರೆ ಎಷ್ಟು ಸಮಾಧಾನ ಅಂತ ಹಗಲು ಮಾತ್ರ ಓಡಾಡುವವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ.

ಸ್ಪ್ರಿಂಗ್ ತರಿಸಿದ್ದು ಕೊಯಮತ್ತೂರಿನಿಂದ. ಜೋಡಿಗೆ ಪಾರ್ಸೆಲ್ ಸೇರಿ 9 ಸಾವಿರದ ಆಸುಪಾಸು. ಎರಡು ಇಂಚು ಏರುತ್ತದೆ ಅಂದಿದ್ದರು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಮೊದಲೇ ಅಳೆದಿಟ್ಟಿದ್ದೆ. ಹಾಕಿದ ದಿನ ಎರಡು ಇಂಚಿಗಿಂತ ಜಾಸ್ತಿಯೇ ಇತ್ತು. ಕೆಲವು ವಾರ ಓಡಿದ ಮೇಲೆ ಸ್ವಲ್ಪ ಇಳಿದು ನಿಂತಿತು. ಅದರಲ್ಲಿ ಅರ್ಧ, ಹಳೇ ಸ್ಪ್ರಿಂಗ್ ಕಳೆದುಕೊಂಡಿದ್ದ ಎತ್ತರವೇ. ಅಂದರೆ ಕಂಪನಿಯಿಂದ ಬಂದಾಗಿನ ಎತ್ತರಕ್ಕೆ ಹೋಲಿಸಿದರೆ ಲಾಭ ಒಂದು ಇಂಚು ಅಷ್ಟೆ. ನನಗೆ ಅಷ್ಟೇ ಬೇಕಾಗಿದ್ದದ್ದು.

ಸ್ಪ್ರಿಂಗ್ ತೆಗೆದುಕೊಳ್ಳುವಾಗ ಎತ್ತರ ಒಂದನ್ನೇ ಕೇಳಬೇಡಿ, ತಂತಿಯ ದಪ್ಪವನ್ನೂ ಕೇಳಿ. ಸುತ್ತು, ಅಗಲ ಎರಡೂ ಅಷ್ಟೇ ಇದ್ದು ತಂತಿ 14ರಿಂದ 15 ಮಿ.ಮೀ. ಆದರೆ ಸ್ಪ್ರಿಂಗ್ ಶೇ 30ಕ್ಕಿಂತ ಜಾಸ್ತಿ ಗಟ್ಟಿಯಾಗುತ್ತದೆ. ಒಂದೇ ಒಂದು ಮಿಲಿಮೀಟರಿಗೆ ಇಷ್ಟು! ಹಳೇ ಸ್ಪ್ರಿಂಗಿಗೇ ರಬ್ಬರ್ ಬಿಲ್ಲೆ (ಸ್ಪೇಸರ್) ಇಟ್ಟರೂ ಎತ್ತರ ಸಿಗುತ್ತದೆ, ದುಡ್ಡೂ ಕಡಿಮೆ. ಆದರೆ ಬಲ ಹಳೆಯದೇ. ಮೂಟೆ ಹಾಕಿದರೆ ಮೊದಲಿನಷ್ಟೇ ಕುಸಿಯುತ್ತದೆ.

ಕೆಲಸ ಅರ್ಧ ದಿನದ್ದು. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಬೇರೆ ಜಾಕ್ ಇಟ್ಟು, ಶಾಕ್ ಅಬ್ಸಾರ್ಬರಿನ (ಶಾಕ್) ಕೆಳಬೋಲ್ಟ್ ಬಿಚ್ಚಿ ಆಕ್ಸಲನ್ನು ನಿಧಾನಕ್ಕೆ ಇಳಿಸುವುದು. ಇಳಿಸುವಾಗ ಬ್ರೇಕ್ ಹೋಸ್ ಬಿಗಿಯುತ್ತಿದೆಯಾ ಅಂತ ಒಬ್ಬರು ನೋಡುತ್ತಲೇ ಇರಬೇಕು. ಸ್ಪ್ರಿಂಗಿನ ತುದಿ, ಕೆಳಗೆ ಅದು ಕೂರುವ ಬಟ್ಟಲಿನ (ಸ್ಪ್ರಿಂಗ್ ಸೀಟ್) ತಡೆಗೆ ಸರಿಯಾಗಿ ಕೂರಬೇಕು. ನಮ್ಮ ಸುಂಟಿಕೊಪ್ಪದ ಮೆಕ್ಯಾನಿಕ್ ಒಳ್ಳೆ ಕೆಲಸಗಾರ. ಎಲ್ಲಾ ಬೋಲ್ಟ್ ಹಾಕಿದ ಮೇಲೂ ಲಿಂಕಿನವನ್ನು ಬಿಗಿ ಮಾಡಲಿಲ್ಲ. ಯಾಕೆ ಅಂದರೆ, "ಅಣ್ಣ, ಗಾಡಿ ಚಕ್ರದ ಮೇಲೆ ನಿಲ್ಲಲಿ. ನೇತಾಡುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರ್ತದೆ, ಬೇಗ ಹರೀತದೆ" ಅಂದ. ನಿಮ್ಮ ಗಾಡಿಗೆ ಯಾರಾದರೂ ಜಾಕ್ ಮೇಲಿರುವಾಗಲೇ ಬಿಗಿಯಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಆಕ್ಸಲನ್ನು ಚಾಸಿಗೆ ಅಡ್ಡಕ್ಕೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಇರುವುದರಿಂದ ಆಕ್ಸಲ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಇಷ್ಟು ಎತ್ತರಕ್ಕೆ ಅದೇನೂ ತೊಂದರೆಯಲ್ಲ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಖಾಲಿ ಗಾಡಿ ಓಡಿಸುವ ಕಷ್ಟ ಕೇಳಿ.

ಖಾಲಿ ಇದ್ದಾಗ ಈ ಸ್ಪ್ರಿಂಗ್ ಎತ್ತಿ ಹಾಕುತ್ತದೆ. ಮಡಿಕೇರಿಗೆ ಹೋಗುವ ರಸ್ತೆಯ ಪ್ರತಿ ಹಂಪ್ಸ್ ಕೂಡ ಸೊಂಟಕ್ಕೆ ಗೊತ್ತಾಗುತ್ತದೆ. ಅದಕ್ಕಿಂತ ತಲೆ ತಿಂದದ್ದು ಶಬ್ದ. ಹೊಂಡಕ್ಕೆ ಚಕ್ರ ಇಳಿದಾಗಲೆಲ್ಲ ಹಿಂದಿನಿಂದ ಟಕ್ ಅಂತ ಒಂದು ಏಟು. ಹಳೇ ಶಾಕಿನ ಉದ್ದ ಹಳೇ ಎತ್ತರಕ್ಕೆ ತಕ್ಕದ್ದು. ಗಾಡಿ ಮೇಲೆ ನಿಂತ ಮೇಲೆ ಚಕ್ರ ಕೆಳಗಿಳಿಯಲು ಜಾಗ ಕಡಿಮೆ, ಶಾಕ್ ಪೂರ್ತಿ ಚಾಚಿ ಕೊನೆ ಮುಟ್ಟುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ, "ಶಾಕ್ ಬದಲಾಯಿಸಲೇಬೇಕು ಸಾರ್" ಅಂತ ತಣ್ಣಗೆ ಹೇಳಿದರು. ಮಾರುವ ದಿನ ಈ "ಲೇಬೇಕು" ಎಲ್ಲಿ ಹೋಗಿತ್ತೋ! ಆ ವರ್ಷ ಮೋಟಾರು ಸುಟ್ಟು ಪಂಪ್‌ಸೆಟ್ಟಿಗೆ ದುಡ್ಡು ಸುರಿದಿದ್ದೆ. ಶಾಕ್ ಅಂದರೆ ಜೋಡಿಗೆ ಮತ್ತೆ 7 ಸಾವಿರ. ಮುಂದಿನ ಬೆಳೆ ದುಡ್ಡು ಬರುವವರೆಗೆ ಟಕ್ ಟಕ್ ಕೇಳಿಕೊಂಡೇ ಓಡಿಸಿದೆ.

ಇನ್ನು ಅವ್ವನ ದೂರು. ಶುಕ್ರವಾರ ಮಡಿಕೇರಿ ಸಂತೆಗೆ ಅವಳನ್ನು ಕರೆದುಕೊಂಡು ಹೋಗುವುದು ನಮ್ಮ ಮನೆಯ ಕ್ರಮ. ಹಿಂದಿನ ಎಡ ಬಾಗಿಲು ಅವಳದ್ದು, ಪಕ್ಕದಲ್ಲಿ ಎರಡು ಚೀಲ. ಹೊಸ ಸ್ಪ್ರಿಂಗ್ ಹಾಕಿದ ವಾರ ಫುಟ್‌ಬೋರ್ಡಿಗೆ ಕಾಲಿಡಲು ನೋಡಿದಳು, ಆಗಲಿಲ್ಲ. ಸೀರೆ ನೆರಿಗೆ ಒಂದು ಕೈಯಲ್ಲಿ, ಬಾಗಿಲಿನ ಹಿಡಿ ಇನ್ನೊಂದರಲ್ಲಿ. "ಇದೆಂಥದು ಮಾರಾಯ, ಲಾರಿ ಹತ್ತಿದ ಹಾಗೆ ಆಗ್ತದೆ. ನನ್ನ ಮಂಡಿಗೆ ಕೇಳಿ ಮಾಡಿಸಿದ್ದಾ ಇದನ್ನ?" ಅಂದಳು. ನಾನು ಬೆಳಕು, ಮೂಟೆ, ಮಂಜು ಎಲ್ಲಾ ವಿವರಿಸಿದೆ. "ನಾನು ಸಂತೆಗೆ ಹೋಗುದು ಹಗಲು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವ್ವ ಮುಂದೆ ಕೂರುತ್ತಾಳೆ. ಟಾರ್ಷನ್ ಬಾರ್ ಬೋಲ್ಟನ್ನು ನಾನು ಒಂಚೂರೇ ತಿರುಗಿಸಿದ್ದು, ಹಾಗಾಗಿ ಮುಂದಿನ ಬಾಗಿಲು ಅಷ್ಟು ಎತ್ತರವಿಲ್ಲ. ಜಾಸ್ತಿ ತಿರುಗಿಸಿದರೆ ಮುಂದಿನ ಚಕ್ರಕ್ಕೂ ಕೆಳಗಿಳಿಯುವ ಜಾಗ ಹೋಗುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ. ಒಂಚೂರು ತಿರುಗಿಸಿದ್ದಕ್ಕೂ ಅಲೈನ್‌ಮೆಂಟ್ ಮಾಡಿಸಿದ್ದೇನೆ.

ಕಾಫಿ ದುಡ್ಡು ಬಂದ ಮೇಲೆ ಉದ್ದದ ಶಾಕ್ ಹಾಕಿಸಿದೆ. ಟಕ್ ನಿಂತಿತು. ಎತ್ತಿ ಹಾಕುವುದೂ ಮುಕ್ಕಾಲು ಪಾಲು ನಿಂತಿತು. ಈಗ ಖಾಲಿ ಗಾಡಿಯಲ್ಲೂ ಒಂದು ಮೂಟೆ ಮರಳು, ಟೂಲ್ ಪೆಟ್ಟಿಗೆ, ಹಗ್ಗ ಹಿಂದೆ ಇಟ್ಟಿರುತ್ತೇನೆ. ಅಷ್ಟು ಭಾರವಿದ್ದರೆ ಸ್ಪ್ರಿಂಗ್ ಮರ್ಯಾದೆಯಾಗಿ ವರ್ತಿಸುತ್ತದೆ. ಹೆಡ್‌ಲೈಟ್ ಸ್ಕ್ರೂವನ್ನೂ ಅರ್ಧ ಲೋಡಿಗೆ ಹೊಂದಿಸಿದ್ದೇನೆ. ಪೂರ್ತಿ ಖಾಲಿ ಇದ್ದರೆ ಬೆಳಕು ಸ್ವಲ್ಪ ಹತ್ತಿರಕ್ಕೇ ಬೀಳುತ್ತದೆ, ಮಂಜಿಗೆ ಅದೂ ಒಳ್ಳೆಯದೇ.

ಮೂರು ನಾಲ್ಕು ಇಂಚು ಏರಿಸುತ್ತೇನೆ ಅನ್ನುವ ಹುಡುಗರು ಸಿಗುತ್ತಾರೆ. ಮಾಂದಲಪಟ್ಟಿ ಗುಡ್ಡದಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಅದು ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ರಿನೀವಲ್‌ಗೆ ಹೇಗೂ ಆರ್‌ಟಿಒ ಮುಂದೆ ನಿಲ್ಲಬೇಕು. ಕಂಪನಿ ಎತ್ತರದ ಹತ್ತಿರವೇ ಇರಲಿ ಅಂತ ನಾನು ಹಟ ಹಿಡಿದದ್ದು ಅದಕ್ಕೇ. ವರ್ಷಕ್ಕೊಮ್ಮೆ ಟ್ರೆಕ್ಕಿಂಗ್ ಹೋಗಿಬರಲು, ಬರೀ ಲುಕ್ಕಿಗೆ ಇದನ್ನು ಹಾಕಿಸುವುದಾದರೆ ಬೇಡ, ಆ ದುಡ್ಡಿಗೆ ಒಳ್ಳೆ ಟಯರ್ ತೆಗೆದುಕೊಳ್ಳಿ. ವಾರಕ್ಕೆ ಎರಡು ಸಲವಾದರೂ ಹಿಂದೆ ಭಾರ ಹಾಕುವವರು ಸ್ಪ್ರಿಂಗ್, ಶಾಕ್ ಎರಡಕ್ಕೂ ಒಟ್ಟಿಗೇ ದುಡ್ಡು ಹೊಂದಿಸಿ.

ಬಣ್ಣ ಮಾತ್ರ ತೀರಾ ಕಳಪೆ. ಮೊದಲ ಮಳೆಗಾಲದಲ್ಲೇ ಕೆಳಗಿನ ಸುತ್ತಿನಲ್ಲಿ ಎದ್ದು ತುಕ್ಕು ಕಾಣಿಸಿತು. ಕೆಸರು ಸೀಟಿನ ಬಟ್ಟಲಲ್ಲಿ ತುಂಬಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಹಳೇ ಸ್ಪ್ರಿಂಗ್ ತಿಂದುಹೋದದ್ದೂ ಅಲ್ಲೇ. ನಾನೀಗ ಗಾಡಿ ತೊಳೆಯುವಾಗ ಪೈಪನ್ನು ಮೊದಲು ಅಲ್ಲಿಗೇ ಬಿಡುತ್ತೇನೆ. ಮಳೆಗಾಲಕ್ಕೆ ಮುಂಚೆ ತಂತಿ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಕಪ್ಪು ಪೇಂಟ್. 9 ಸಾವಿರ ತೆಗೆದುಕೊಳ್ಳುವವರು ಈ ಕೆಲಸವನ್ನು ಅವರೇ ಮಾಡಿ ಕೊಡಬಹುದಿತ್ತು. ಬಣ್ಣಕ್ಕೆ ಐದರಲ್ಲಿ ಒಂದು, ಸ್ಪ್ರಿಂಗಿಗೆ ನಾಲ್ಕು. ಅವ್ವ ಎಷ್ಟು ಕೊಡುತ್ತಾಳೆ ಅಂತ ಕೇಳಲು ಹೋಗಿಲ್ಲ.